ಕಾಳಿನ ಬಳೆ

ಜನವರಿ ಮೂರು, ಬೆಳಿಗ್ಗೆ ಎಂಟೂಮುಕ್ಕಾಲು. ರೂದ್ನಾ ಪಲಾಂಕಾ ಎಂಬ ಗಣಿ ಊರಿನ ಪೊಲೀಸ್ ಠಾಣೆಯ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬಂದರು. ಕೋಟಿನ ಮೇಲಿನ ಹಿಮ ಕೊಡವಿಕೊಳ್ಳುವಷ್ಟು ವ್ಯವಧಾನವೂ ಅವರಿಗಿರಲಿಲ್ಲ.

"ದೂರು ಬರ್ಕೊಳ್ಳಿ," ಎಂದರು.

ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೇಬಲ್ ತಿಹೊಮಿರ್ ಪೆನ್ನು ತೆಗೆದ. ಆ ಕಡೆ ಜನವರಿ ಏಳಕ್ಕೆ ಬರುವ ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸ ಹಿಡಿದು ವಾರಗಟ್ಟಲೆ ಬೇಯಿಸಿದ ಬೀನ್ಸ್ ತಿಂದಿದ್ದ ಅವನ ಮುಖ ಸಪ್ಪಗಿತ್ತು.

"ಏನು ಕಳುವಾಯ್ತು?"

"ಏನೂ ಕಳುವಾಗಿಲ್ಲ. ಯಾರೋ ನನ್ನ ಕೋಳಿಗಳಿಗೆ ಕಾಳು ಹಾಕಿದಾರೆ."

ತಿಹೊಮಿರ್ ಪೆನ್ನು ಕೆಳಗಿಟ್ಟ. "ಕೋಳಿ ಕದ್ದವರನ್ನ ಹಿಡಿದಿದೀನಿ ಅಮ್ಮಾ. ಕೋಳಿಗೆ ಊಟ ಹಾಕಿದವರನ್ನ ಇನ್ನೂ ಹಿಡಿದಿಲ್ಲ. ಹಿಡಿದು ಏನ್ಮಾಡೋದು, ಸನ್ಮಾನ ಮಾಡೋದಾ?"

ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಬೋಯಾನಾ ವುಕೊತಿಚ್ ಎದ್ದು ಬಂದಳು. ನೀಶ್ ನಗರದ ಆರನೇ ಮಹಡಿಯ ಮನೆಯಲ್ಲಿ ಬೆಳೆದವಳು. ಈ ಕಣಿವೆಗೆ ಬಂದು ಎರಡು ಚಳಿಗಾಲ ಕಳೆದರೂ ಸಂಜೆಯಾದರೆ ಅವಳ ಕಣ್ಣು ಕಿಟಕಿಯಾಚೆಯ ರೈಲು ಹಳಿಯ ಕಡೆಗೇ ಹೋಗುತ್ತಿತ್ತು.

"ಒಳಗೆ ಬನ್ನಿ," ಎಂದಳು. "ತಿಹೊಮಿರ್, ಕಾಫಿ ಹೇಳಿ. ಬಾಯಿಗೆ ಬೀಗ ಹಾಕ್ಕೊಂಡು ಬಂದು ನೀವೂ ಕೂತ್ಕೊಳ್ಳಿ."

ದೂರುದಾರರು ಡಾಕ್ಟರ್ ಒಲಿವೆರಾ ತಾಸಿಚ್. ಊರಾಚೆಯ ಗುಡ್ಡದ ಮೇಲಿರುವ ಹಂದಿ ಮತ್ತು ಕೋಳಿ ಆಹಾರ ಸಂಶೋಧನಾ ಕೇಂದ್ರದಲ್ಲಿ ಕೋಳಿ ವಿಭಾಗ ಅವರದು. ಸ್ಥಳೀಯ ತಳಿಯ ಕಪ್ಪು ಕೋಳಿಗಳನ್ನು ಮೂರು ಗೂಡುಗಳಲ್ಲಿಟ್ಟು ಬೇಸಿಗೆಯ ಕೊನೆಯಿಂದ ಒಂದು ಪ್ರಯೋಗ ನಡೆಸಿದ್ದರು. ಕಾಲಿಗೆ ಬಿಳಿ ಉಂಗುರ ಇರುವವಕ್ಕೆ ಸಾದಾ ಮೇವು. ಹಳದಿ ಉಂಗುರದವಕ್ಕೆ ಅದೇ ಮೇವಿನಲ್ಲಿ ಅಗಸೆ ಬೀಜ, ಚೆಂಡುಹೂವಿನ ಪುಡಿ, ಚಿಟಿಕೆ ಸೆಲೆನಿಯಂ. ಕೆಂಪು ಉಂಗುರದವಕ್ಕೆ ಅದರ ಇಮ್ಮಡಿ. ಬೇರೊಂದು ಕಾಳೂ ಅವುಗಳ ಬಾಯಿಗೆ ಹೋಗುವಂತಿರಲಿಲ್ಲ. ಜನವರಿಯ ಎರಡನೇ ತಾರೀಕಿನಿಂದ ವಾರವಿಡೀ ಮೊಟ್ಟೆ ಆರಿಸಿ, ಒಡೆದು, ಹಳದಿ ಭಾಗದ ಬಣ್ಣವನ್ನೂ ಕೊಬ್ಬನ್ನೂ ಅಳೆದು, ಒಂಬತ್ತನೇ ತಾರೀಕಿಗೆ ಬರುವ ಸಮಿತಿಯ ಮುಂದಿಡಬೇಕಿತ್ತು.

"ಸಮಿತಿ ಮುಂದೆ ಇಟ್ರೆ?" ಬೋಯಾನಾ ಕೇಳಿದಳು.

"ಈ ಕೋಳಿ ಕಡಿಮೆ ಮೊಟ್ಟೆ ಇಡುತ್ತೆ. ಆದ್ರೆ ಒಳ್ಳೆ ಮೇವು ಕೊಟ್ರೆ ಇದರ ಒಂದು ಮೊಟ್ಟೆ ಬೇರೆಯವುಗಳ ಎರಡಕ್ಕೆ ಸಮ ಅಂತ ತೋರಿಸಬಹುದಿತ್ತು. ತೋರಿಸಿದ್ರೆ ಹಿಂಡು ಉಳಿಯುತ್ತೆ."

"ತೋರಿಸದಿದ್ರೆ?"

"ತಿಂಗಳ ಕೊನೆಗೆ ಎಲ್ಲವನ್ನೂ ಕಸಾಯಿಖಾನೆಗೆ ಕಳಿಸ್ತಾರೆ. ಈ ಹಿಂಡು ಹೋದ್ರೆ ಆಯಿತು. ಬೇರೆ ಎಲ್ಲೂ ಇಲ್ಲ."

ತಿಹೊಮಿರ್ ಜೇಬಿನಿಂದ ಪೆನ್ನು ತೆಗೆದು ಬರೆದುಕೊಳ್ಳತೊಡಗಿದ.

ಎರಡನೇ ತಾರೀಕು ಹೊಸವರ್ಷದ ರಜೆ. ಗೇಟಿನ ಕಾವಲುಗಾರನ ಹೊರತು ಕೇಂದ್ರದಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನ ಮೊಟ್ಟೆ ಆರಿಸಲು ಬಂದ ಒಲಿವೆರಾ ಬಿಳಿ ಉಂಗುರದ ಗೂಡಿನಲ್ಲಿ ಎರಡು ಕೆಂಪು ಉಂಗುರದ ಕೋಳಿಗಳನ್ನು ಕಂಡಿದ್ದರು. ಗೂಡುಗಳ ಮುಂದಿನ ಸಿಮೆಂಟು ಓಣಿಯಲ್ಲಿ ಮೆಕ್ಕೆಜೋಳದ ನುಚ್ಚು ಬಿದ್ದಿತ್ತು. ಅಲ್ಲಿಗೆ ಯಾರೂ ಕಾಲಿಡದಂತೆ ಬೀಗ ಹಾಕಿ ಬಂದಿದ್ದರು.

"ಯಾರ ಮೇಲೆ ಅನುಮಾನ?"

ಒಲಿವೆರಾ ಕಾಫಿಯ ಬಟ್ಟಲನ್ನು ಪಕ್ಕಕ್ಕಿಟ್ಟರು. "ಹಂದಿ ವಿಭಾಗದ ನೆಬೊಯ್ಶಾ. ಅವರಿಗೆ ಮರಿಗಳ ಪ್ರಯೋಗಕ್ಕೆ ನನ್ನ ಕೋಳಿಮನೆ ಬೇಕು. ಕೇಳ್ತಾನೇ ಇದಾರೆ."

ಒಂಬತ್ತೂಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು. ಅತಿಕ್ರಮ ಪ್ರವೇಶ, ಸಂಶೋಧನೆಗೆ ಹಾನಿ. ಆರೋಪಿ: ಅಪರಿಚಿತ ವ್ಯಕ್ತಿ.

ಹೊರಡುವ ಮುಂಚೆ ಬೋಯಾನಾ ಇನ್ನೊಂದು ಪ್ರಶ್ನೆ ಕೇಳಿದಳು. "ಕಾಳು ಹಾಕಿದವರು ಸಿಕ್ಕಿದ್ರೆ ನಿಮ್ಮ ಪ್ರಯೋಗಕ್ಕೆ ಏನಾದ್ರೂ ಉಪಯೋಗ ಇದೆಯಾ? ಅಥವಾ ಬರೀ ಶಿಕ್ಷೆ ಆಗಲಿ ಅಂತಾನಾ?"

"ಉಪಯೋಗ ಇದೆ," ಎಂದರು ಒಲಿವೆರಾ. "ಕೆಂಪು ಉಂಗುರದವು ಮಾತ್ರ ತಿಂದಿದ್ರೆ ಎಲ್ಲ ಮುಗೀತು. ಮೂರೂ ಗುಂಪು ಸರಿಸಮ ತಿಂದಿದ್ರೆ ಈ ದಿನಗಳನ್ನ ಬಿಟ್ಟು ಪ್ರಯೋಗಾನ ಎರಡು ವಾರ ಮುಂದುವರಿಸಬಹುದು. ಆದ್ರೆ ಏನು ತಿಂದ್ವು, ಯಾವ ಯಾವುವು ತಿಂದ್ವು ಅಂತ ಸಾಕ್ಷಿ ಬೇಕು. 'ಇರಬಹುದು' ಅನ್ನೋದನ್ನ ಸಮಿತಿ ಕೇಳಲ್ಲ."

ಹನ್ನೊಂದಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಕೇಂದ್ರದ ಟ್ರ್ಯಾಕ್ಟರ್ ಚಾಲಕನೂ ಮೊಟ್ಟೆ ತೊಳೆಯುವ ಹೆಂಗಸೂ ನಿಂತರು. ಎಲ್ಲರೂ ತಮ್ಮ ಬೂಟು ಬಿಟ್ಟು ಕೇಂದ್ರದ ರಬ್ಬರ್ ಬೂಟು ಹಾಕಿಕೊಂಡು, ಔಷಧಿ ನೀರಿನ ತೊಟ್ಟಿಯಲ್ಲಿ ಕಾಲದ್ದಿ ಒಳಗೆ ಹೋಗಬೇಕಾಯಿತು. ತಿಹೊಮಿರ್‌ನ ಕಾಲಿಗೆ ಆಗುವ ಬೂಟು ಇರಲಿಲ್ಲ. ಎರಡು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಕೊಳದಲ್ಲಿ ನಡೆಯುವ ಬಾತಿನಂತೆ ಪರಪರ ಸದ್ದು ಮಾಡುತ್ತ ಬಂದ.

ಕೋಳಿಗಳು ಬಲೆಯ ಹಿಂದೆ ಗುಂಪುಗೂಡಿ ನಿಂತಿದ್ದವು. ಕಪ್ಪೆಂದರೆ ಬರಿಯ ಕಪ್ಪಲ್ಲ. ಕಿಟಕಿಯ ಬೆಳಕು ಬಿದ್ದಲ್ಲಿ ರೆಕ್ಕೆಯೊಳಗಿಂದ ಹಸಿರು ಏಳುತ್ತಿತ್ತು, ಅಜ್ಜಿಯರ ಕತೆಯಲ್ಲಿ ಬಾವಿಯ ತಳದಿಂದ ಏಳುವ ಬೆಳಕಿನ ಹಾಗೆ. ಬೀಗ ಒಡೆದಿರಲಿಲ್ಲ. ಕಿಟಕಿಗಳು ಸರಿಯಿದ್ದವು. ಬೋಯಾನಾ ಓಣಿಯ ನೆಲಕ್ಕೆ ಟಾರ್ಚು ಹಿಡಿದು ಬಗ್ಗಿದಳು.

"ಇಲ್ಲಿ ನೋಡಿ."

ಸಿಮೆಂಟಿನ ಮೇಲೆ ಹಿಟ್ಟಿನಂಥ ಧೂಳು ಒಂದು ಬಾಗಿದ ಗೆರೆಯಾಗಿ ನಿಂತಿತ್ತು. ಗೆರೆಯ ಒಳಗೆ ಜೋಳದ ನುಚ್ಚು, ಗೋಧಿಯ ಸಿಪ್ಪೆ, ಅಕ್ರೋಟಿನ ಚೂರು, ಒಣ ಪ್ಲಮ್ಮಿನ ಒಂದು ಬೀಜ. ಗೆರೆಯ ಹೊರಗೆ ನೆಲ ಚೊಕ್ಕಟ. ಕೋಳಿಗಳು ಕೆರೆದು ಅಲ್ಲಲ್ಲಿ ಕೆಡಿಸಿದ್ದರೂ ಕಣ್ಣು ಅದನ್ನು ತಾನಾಗಿ ಪೂರ್ತಿ ಮಾಡಿಕೊಳ್ಳುತ್ತಿತ್ತು. ದೈತ್ಯೆಯೊಬ್ಬಳು ಕಳಚಿಟ್ಟು ಹೋದ ಬಳೆ.

"ಏನನ್ನೋ ಸುತ್ತಲೂ ಇಟ್ಟು ಅದರೊಳಗೆ ಕಾಳು ಹಾಕಿದಾರೆ," ಎಂದಳು ಬೋಯಾನಾ. "ಯಾಕೆ?"

ತಿರುಗಿ ನೋಡಿದರೆ ತಿಹೊಮಿರ್ ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ. ಮೊಟ್ಟೆ ತೊಳೆಯುವ ಹೆಂಗಸೂ ಅದನ್ನೇ ಮಾಡಿದಳು.

"ಮೇಡಂ, ನಿನ್ನೆ ಎರಡನೇ ತಾರೀಕು," ಎಂದ. "ಸಂತ ಇಗ್ನಾತಿಯ ದಿನ. ನಮ್ಮ ಕಡೆ ಕೋಳಿಗಳ ಕ್ರಿಸ್‌ಮಸ್ ಅಂತಾರೆ. ನಿಮ್ಮ ಆರನೇ ಮಹಡೀಲಿ ಇದೆಲ್ಲ ಇರಲ್ಲ ಬಿಡಿ."

"ಹೇಳಿ."

"ಬೆಳಿಗ್ಗೆ ಕೋಳಿಗಳನ್ನ ಒಂದು ಸುತ್ತಿನೊಳಗೆ ಸೇರಿಸಿ ಕಾಳು ಹಾಕ್ತಾರೆ. ವರ್ಷವಿಡೀ ಚದುರದೆ ಒಟ್ಟಿಗಿರಲಿ, ಪಕ್ಕದ ಮನೇಲಿ ಮೊಟ್ಟೆ ಇಡದಿರಲಿ ಅಂತ. ನಮ್ಮಮ್ಮ ಹಗ್ಗ ಇಡ್ತಿದ್ಳು. ಕೆಲವರು ಎತ್ತಿನ ಸರಪಳಿ, ಕೆಲವರು ಪೀಪಾಯಿಯ ಪಟ್ಟಿ."

"ಅಂದ್ರೆ ಕೆಡಿಸೋಕೆ ಬಂದವರಲ್ಲ."

"ಕೆಡಿಸೋಕೆ ಬಂದವರು ಪ್ಲಮ್ಮು, ಅಕ್ರೋಟು ತರ್ತಾರಾ ಮೇಡಂ? ಮದುವೆ ಊಟ ಹಾಕಿದಾರೆ."

ಎರಡನೇ ಗೂಡಿನ ಚಿಲಕದ ತಂತಿಗೆ ಒಂದು ಉಣ್ಣೆಯ ದಾರ ಸಿಕ್ಕಿಕೊಂಡಿತ್ತು. ಕೆಂಪು ದಾರಕ್ಕೆ ಕಪ್ಪನ್ನು ಹೆಣೆದದ್ದು. ಅದನ್ನೂ ಕಾಳುಗಳನ್ನೂ ಬೇರೆಬೇರೆ ಲಕೋಟೆಯಲ್ಲಿ ಹಾಕಿ ಮೊಹರು ಮಾಡಲಾಯಿತು.

ಅಷ್ಟರಲ್ಲಿ ನೆಬೊಯ್ಶಾ ತಾನಾಗಿಯೇ ಬಂದ. ಹಂದಿಮನೆಯ ವಾಸನೆ ಅವನಿಗಿಂತ ಮುಂಚೆ ಬಂದಿತ್ತು.

"ನಿನ್ನೆ ಬೆಳಿಗ್ಗೆ ಎಲ್ಲಿದ್ರಿ?"

"ಜಾಯೆಚಾರ್‌ನಲ್ಲಿ, ಅತ್ತೆ ಮನೇಲಿ. ಬೇಕಾದ್ರೆ ಅತ್ತೇನ ಕೇಳಿ. ನಾನು ಎಷ್ಟು ಕುಡಿದೆ ಅಂತಾನೂ ಹೇಳ್ತಾಳೆ."

"ಈ ಕೋಳಿಮನೆ ನಿಮಗೆ ಬೇಕಂತೆ."

"ಬೇಕು. ಹಾಲು ಬಿಡಿಸಿದ ಮರಿಗಳಿಗೆ ಭೇದಿ ತಡೆಯೋ ಹೊಸ ಪುಡಿ ಬಂದಿದೆ, ನೋಡೋಕೆ ಜಾಗ ಇಲ್ಲ." ಅವನು ಬಲೆಯಾಚೆಯ ಕೋಳಿಗಳನ್ನು ನೋಡಿದ. "ಆದ್ರೆ ಮೇಡಂ, ಪ್ರಯೋಗದ ಪ್ರಾಣಿಗೆ ಕದ್ದು ಕಾಳು ಹಾಕೋದು ಅಂದ್ರೆ... ನಾನೂ ಇದೇ ಕೆಲಸ ಮಾಡೋನು. ಅವರ ಕೋಳಿಮನೆ ಕಿತ್ಕೋತೀನಿ, ಕೆಲಸ ಕೆಡಿಸಲ್ಲ."

ಜಾಯೆಚಾರ್‌ಗೆ ಫೋನ್ ಹೋಯಿತು. ಅತ್ತೆ ದೃಢಪಡಿಸಿದಳು, ಕುಡಿದದ್ದರ ಬಗ್ಗೆ ಕೇಳದೆಯೇ ಹೇಳಿದಳು.

ಉಳಿದವನು ಕಾವಲುಗಾರ ಚೆದೊಮಿರ್. ನಿವೃತ್ತಿಗೆ ಹತ್ತಿರವಾದ, ಮೀಸೆಯ ಒಂದು ತುದಿ ಮಾತ್ರ ಬೆಳ್ಳಗಾದ ಮನುಷ್ಯ. ಕಟ್ಟಿಗೆಯ ಒಲೆಯಿದ್ದ ಗೇಟಿನ ಕೋಣೆಯಲ್ಲಿ ವಿಚಾರಣೆ ನಡೆಯಿತು.

"ನಿನ್ನೆ ಬೆಳಿಗ್ಗೆ ಯಾರು ಬಂದ್ರು?"

"ಯಾರೂ ಬರಲಿಲ್ಲ."

"ಕೋಳಿಮನೆ ಕೀಲಿ ಯಾರ ಹತ್ರ ಇತ್ತು?"

"ನನ್ನ ಹತ್ರ."

"ಹಾಗಾದ್ರೆ ಒಳಗೆ ಹೋದವರು ನೀವೇ."

"ನಾನ್ ಹೋಗಿಲ್ಲ."

"ಯಾರೂ ಬಂದಿಲ್ಲ, ನೀವೂ ಹೋಗಿಲ್ಲ. ಕೋಳಿಗಳೇ ಪೇಟೆಗೆ ಹೋಗಿ ಅಕ್ರೋಟು ತಂದ್ವಾ?"

ಚೆದೊಮಿರ್ ಒಲೆಯ ಬಾಗಿಲು ತೆರೆದು ಒಂದು ಕಟ್ಟಿಗೆ ಹಾಕಿದ. ತಿಹೊಮಿರ್‌ನ ಕಣ್ಣೂ ಒಲೆಯ ಕಡೆಗೇ ಇತ್ತು. ಒಲೆಯ ಪಕ್ಕ, ಸೀಳಿದ ಕಟ್ಟಿಗೆಯ ನಡುವೆ, ಮೊಗ್ಗು ಬಿಟ್ಟ ಕಾಡುಕೊಂಬೆಯ ಒಂದು ಸಣ್ಣ ಕಟ್ಟು. ನೆಲದ ಮೇಲೆ ಮಡಿಸಿದ ಗೋಣಿಚೀಲ, ಯಾರೋ ಕೂತೆದ್ದ ಹಾಗೆ ನಡುವೆ ತಗ್ಗಾಗಿತ್ತು. ಕಿಟಕಿಯ ಮೇಲೆ ಎರಡು ಪುಟ್ಟ ಲೋಟ.

ತಿಹೊಮಿರ್ ಮೆಲ್ಲಗೆ ಅವನ ಎದುರು ಕುಕ್ಕರಗಾಲಲ್ಲಿ ಕೂತ. "ಅಣ್ಣಾ, ನಾನೂ ಹಳ್ಳಿಯವನು. ಆ ದಿನ ಬೆಳಿಗ್ಗೆ ಮೊದಲು ಬಂದವರನ್ನ ಬಾಗಿಲಿಂದ ವಾಪಸ್ ಕಳಿಸೋಕಾಗಲ್ಲ. ಕಳಿಸಿದ್ರೆ ಕೋಳಿಗಳಿಗೆ ಕೇಡು. ಗೋಣಿ ಮೇಲೆ ಕೂರಿಸಬೇಕು, ಅವರು ತಂದ ಕೊಂಬೇಲಿ ಬೆಂಕಿ ಕೆದಕಿಸಬೇಕು, ಒಂದು ಗುಟುಕು ಪ್ಲಮ್ ಸಾರಾಯಿ ಕೊಡಬೇಕು. ನೀನು ಎಲ್ಲ ಸರಿಯಾಗೇ ಮಾಡಿದೀಯ."

ಚೆದೊಮಿರ್ ಅವನ ಕಡೆ ತಿರುಗಿದ. "ವಾಪಸ್ ಹೋಗಿ ಅಂತ ಹೇಳೋಕೆ ಬಾಯಿ ತೆಗೆದೆ ಕಣಪ್ಪ. ಬರಲಿಲ್ಲ. ಚಳೀಲಿ ಕೈಲಿ ಕೊಂಬೆ ಹಿಡ್ಕೊಂಡು ನಿಂತಿದ್ರು. ಇಷ್ಟು ಕೋಳಿ ಇರೋ ಜಾಗ ಇದು, ಈ ದಿನ ಯಾರಾದ್ರೂ ಬರಲಿ ಅಂತ ನಾನೇ ಪ್ರತಿ ವರ್ಷ ಕಾಯ್ತಿದ್ದೆ. ಯಾರೂ ಬರ್ತಿರಲಿಲ್ಲ."

"ಯಾರು ಅದು?" ಬೋಯಾನಾ ಕೇಳಿದಳು.

"ಅದನ್ನ ಹೇಳಲ್ಲ. ಕೆಲಸದಿಂದ ತೆಗೀರಿ. ಅವತ್ತಿನ ಅತಿಥೀನ ಪೊಲೀಸಿಗೆ ಒಪ್ಪಿಸಿದ್ರೆ ಈ ಗುಡ್ಡದ ಮೇಲೆ ಒಂದು ಮೊಟ್ಟೇನೂ ಹುಟ್ಟಲ್ಲ."

"ಎಷ್ಟು ಕಾಳು, ಯಾವ ಕೋಳಿಗೆ?"

"ನಾನು ಬಾಗಿಲು ತೆಗೆದು ಈ ಕಡೆ ಬಂದುಬಿಟ್ಟೆ. ಅತಿಥಿ ಕಾಳು ಹಾಕುವಾಗ ನಿಂತು ನೋಡಬಾರದು."

ಬೋಯಾನಾ ಅವನ ಹೇಳಿಕೆಯನ್ನು ಅಷ್ಟಕ್ಕೇ ಮುಗಿಸಿ ಸಹಿ ಹಾಕಿಸಿಕೊಂಡಳು.

ಮಧ್ಯಾಹ್ನ ಎರಡಕ್ಕೆ ಬೋಯಾನಾ ಉಣ್ಣೆಯ ದಾರವಿದ್ದ ಲಕೋಟೆಯನ್ನು ಒಲಿವೆರಾ ಅವರ ಮುಂದಿಟ್ಟಳು. ಒಲಿವೆರಾ ಕನ್ನಡಕ ಸರಿಸಿ ನೋಡಿದರು.

"ಇದು ನಡುಪಟ್ಟಿಯ ದಾರ. ಹೆಂಗಸರು ಮಗ್ಗದಲ್ಲಿ ನೇಯ್ದು ಸೊಂಟಕ್ಕೆ ಸುತ್ಕೊಳ್ಳೋದು. ಈ ಹಿಂಡಿನ ಮೊದಲ ಕೋಳಿಗಳ ಬುಟ್ಟೀನ ಇಂಥದ್ದರಲ್ಲೇ ಕಟ್ಟಿ ಕೊಟ್ಟಿದ್ರು."

"ಯಾರು?"

"ಯಾಸೆನೊವ್ ದೋದಲ್ಲಿ ಒಬ್ಬರು. ವಿದೊಸಾವಾ."

ಯಾಸೆನೊವ್ ದೋ ಎಂಬ ಊರು ಈಗ ಇಲ್ಲ. ತಾಮ್ರದ ಗಣಿ ಬೆಳೆಯುತ್ತ ಬಂದು ಹನ್ನೆರಡು ವರ್ಷದ ಹಿಂದೆ ಊರನ್ನು ಎಬ್ಬಿಸಿತು. ಈಗ ಅಲ್ಲಿ ಬೂದು ಬಣ್ಣದ ಮಣ್ಣುಗುಡ್ಡೆ ಇದೆ. ಊರು ಖಾಲಿಯಾಗುತ್ತಿದ್ದ ವಾರ, ಆಗಿನ್ನೂ ಹೊಸಬರಾಗಿದ್ದ ಒಲಿವೆರಾ ಅಲ್ಲಿಗೆ ಹೋಗಿ ಕಪ್ಪು ಕೋಳಿ ಇನ್ನೂ ಇದ್ದ ಕೊನೆಯ ಮನೆಯ ಬಾಗಿಲು ತಟ್ಟಿದ್ದರು. ಬೆಲೆ ಕೇಳಿದ್ದಕ್ಕೆ ಆ ಹೆಂಗಸು ಸಿಟ್ಟಾಗಿದ್ದಳಂತೆ. "ಮಾರೋದಲ್ಲ, ಇಟ್ಕೊಳ್ಳೋಕೆ ಕೊಡ್ತಿದೀನಿ" ಎಂದು ಬುಟ್ಟಿಯನ್ನು ಕೈಗಿತ್ತಿದ್ದಳಂತೆ.

ನಾಲ್ಕನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ವಿದೊಸಾವಾ ಈಗ ವಾಸವಿದ್ದ ಗಣಿ ಕಾಲೊನಿಯ ಕಟ್ಟಡದ ನಾಲ್ಕನೇ ಮಹಡಿ ಹತ್ತಿದರು. ಲಿಫ್ಟು ಕೆಟ್ಟಿತ್ತು. ಪ್ರತಿ ಮಹಡಿಯಲ್ಲೂ ತಿಹೊಮಿರ್ ನಿಂತು ಉಪವಾಸಕ್ಕೆ ಬೈದ.

ಬಾಗಿಲು ತೆರೆದವಳು ಗಟ್ಟಿಮುಟ್ಟಾದ, ಅರವತ್ತರ ಆಚೀಚೆಯ ಹೆಂಗಸು. ಸಮವಸ್ತ್ರ ನೋಡಿ ಗಾಬರಿಯಾಗಲಿಲ್ಲ.

"ಬೂಟು ಬಿಡಬೇಡಿ, ನೆಲ ತಣ್ಣಗಿದೆ," ಎಂದಳು. "ಚೆದೊಮಿರ್ ಹೇಳಿದ್ನಾ?"

"ಇಲ್ಲ ಅಮ್ಮಾ. ಅವರು ಬಾಯಿ ಬಿಟ್ಟಿಲ್ಲ."

"ಪಾಪ. ಒಳ್ಳೆಯವನು."

ಚೊಕ್ಕಟ ಕೋಣೆ. ಒಲೆಯ ಬದಲು ಗೋಡೆಗೆ ಅಂಟಿಸಿದ ಬಿಸಿನೀರಿನ ಕೊಳವೆ. ಕಿಟಕಿಯಿಂದ ನೋಡಿದರೆ ದೂರದ ಗುಡ್ಡದ ಮೇಲೆ ಸಂಶೋಧನಾ ಕೇಂದ್ರದ ತಗಡಿನ ಸೂರು ಉಗುರಿನಷ್ಟು ಕಾಣುತ್ತಿತ್ತು. ಕುರ್ಚಿಯೊಂದನ್ನು ಆ ಕಿಟಕಿಯ ಕಡೆಗೇ ತಿರುಗಿಸಿ ಇಡಲಾಗಿತ್ತು.

ವಿದೊಸಾವಾ ಇಬ್ಬರಿಗೂ ಜೇನು ಹಾಕಿದ ಅಕ್ರೋಟು ತಂದಿಟ್ಟಳು. "ತಿನ್ನಪ್ಪ, ಇದು ಉಪವಾಸಕ್ಕೆ ಆಗುತ್ತೆ," ಎಂದು ತಿಹೊಮಿರ್‌ನ ಕಡೆ ತಟ್ಟೆ ದೂಡಿದಳು. ಅವನು ಇನ್‌ಸ್ಪೆಕ್ಟರ್ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡ.

ಬೋಯಾನಾ ಕೂತಳು. ಹೇಳಬೇಕಾದದ್ದನ್ನು ಕಾನೂನಿನ ಕ್ರಮದಲ್ಲೇ ಹೇಳಿದಳು.

"ಮೊದಲು ಒಂದು ವಿಷಯ. ನೀವು ಏನೂ ಮಾತಾಡಲೇಬೇಕು ಅಂತಿಲ್ಲ. ಕಾವಲುಗಾರ ನಿಮ್ಮ ಹೆಸರು ಹೇಳಿಲ್ಲ. ನಮ್ಮ ಹತ್ರ ಇರೋದು ಒಂದು ದಾರ. ಅಂಥ ನಡುಪಟ್ಟಿ ನಿಮ್ಮೂರಿನ ಎಲ್ಲಾ ಹೆಂಗಸರ ಹತ್ರಾನೂ ಇರುತ್ತೆ. ನೀವು ಸುಮ್ಮನಿದ್ರೆ ನಾವು ಎದ್ದು ಹೋಗ್ತೀವಿ, ಕೇಸು ಹಾಗೇ ಮುಚ್ಚಿಹೋಗುತ್ತೆ."

"ಮಾತಾಡಿದ್ರೆ?"

"ದಸ್ತಗಿರಿ ಮಾಡಬೇಕಾಗುತ್ತೆ. ಕೋರ್ಟು. ಜೈಲು ಆಗಲಿಕ್ಕಿಲ್ಲ. ಆದ್ರೆ ಕೇಂದ್ರದ ಬೇಲಿ ಹತ್ತಿರ ನೀವು ಮತ್ತೆ ಸುಳಿಯಬಾರದು ಅಂತ ಆದೇಶ ಬರುತ್ತೆ."

ವಿದೊಸಾವಾ ಕಿಟಕಿಯ ಕಡೆ ನೋಡಿದಳು. "ಭಾನುವಾರ ಬೇಲಿ ತನಕ ನಡ್ಕೊಂಡು ಹೋಗ್ತೀನಿ," ಎಂದಳು. "ಬೇಲಿಯಿಂದ ಕಾಣಲ್ಲ. ಆದ್ರೆ ಗಾಳಿ ಈ ಕಡೆ ಇದ್ರೆ ಕೇಳುತ್ತೆ. ಮೊಟ್ಟೆ ಇಟ್ಟಮೇಲೆ ಕೂಗುತ್ವಲ್ಲ, ಅದು. ನಮ್ಮ ಕೋಳಿ ಬೇರೆಯವುಗಳ ಹಾಗೆ ಗದ್ದಲ ಮಾಡಲ್ಲ. ಮೂರು ಸಲ ಕೂಗಿ ಸುಮ್ಮನಾಗುತ್ತೆ."

"ಅಲ್ಲಿಗೆ ಯಾಕೆ ಹೋದ್ರಿ ಅಂತ ಕೇಳಲ್ಲ," ಎಂದಳು ಬೋಯಾನಾ. "ಅದರಿಂದ ಏನಾಯ್ತು ಅಂತ ಮಾತ್ರ ಹೇಳ್ತೀನಿ."

ಹೇಳಿದಳು. ಮೂರು ಬಣ್ಣದ ಉಂಗುರ, ಮೂರು ಬಗೆಯ ಮೇವು, ಒಂಬತ್ತನೇ ತಾರೀಕಿನ ಸಮಿತಿ. ಕೇಳುತ್ತ ಕೇಳುತ್ತ ವಿದೊಸಾವಾಳ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡವು.

"ಅವನ್ನ ಕಡೀತಾರೆ ಅಂತ ಚೆದೊಮಿರ್ ಸಂತೇಲಿ ಹೇಳಿದ್ದ. ಅದಕ್ಕೇ ಹೋಗಿದ್ದು. ಸುತ್ತಿನೊಳಗೆ ಕಾಳು ಹಾಕಿದ್ರೆ ಹಿಂಡು ಒಡೆಯಲ್ಲ ಅಂತ." ಕಿಟಕಿಯಾಚೆಯ ಗುಡ್ಡ ನೋಡುತ್ತ, "ನಾನೇ ಒಡೆದ್ನಾ?" ಎಂದಳು.

ಕೊಳವೆಯಲ್ಲಿ ನೀರು ಗುಡುಗುಡು ಹರಿಯಿತು.

"ಮೂರೂ ಗುಂಪು ತಿಂದಿದ್ವು ಅಂತಾದ್ರೆ ಡಾಕ್ಟರು ಉಳಿಸ್ಕೋಬಹುದು," ಎಂದಳು ಬೋಯಾನಾ. "ಅದನ್ನ ಕಂಡವರು ನೀವೊಬ್ಬರೇ. ಆದ್ರೆ ಹೇಳಿಕೆ ಸಹಿ ಮಾಡಿದ್ದು ಇರಬೇಕು. ಸಹಿ ಮಾಡಿದ್ರೆ ನಾನು ನಿಮ್ಮನ್ನ ಕರ್ಕೊಂಡು ಹೋಗಲೇಬೇಕು."

ವಿದೊಸಾವಾ ಎದ್ದು ಒಳಗೆ ಹೋದಳು. ತಿಹೊಮಿರ್ ಪಿಸುದನಿಯಲ್ಲಿ, "ಸುಮ್ಮನಿದ್ದುಬಿಡಮ್ಮಾ ಅಂತ ಹೇಳೋಣ ಅನ್ನಿಸ್ತಿದೆ ಮೇಡಂ," ಎಂದ.

"ನನಗೂ."

ವಿದೊಸಾವಾ ಹೊರಬಂದಾಗ ಕೋಟು ತೊಟ್ಟಿದ್ದಳು. ಕೈಯಲ್ಲಿ ನಡುಪಟ್ಟಿ ಇತ್ತು, ಕೆಂಪು, ಕಪ್ಪು, ಮೂರು ಮಾರು ಉದ್ದ. ಅದನ್ನು ಮೇಜಿನ ಮೇಲಿಟ್ಟು, "ಬರ್ಕೋ ಮಗಳೇ. ಒಂದೂ ಬಿಡದೆ ಹೇಳ್ತೀನಿ," ಎಂದಳು.

ಹೇಳಿಕೆ ಹನ್ನೊಂದಕ್ಕೆ ಶುರುವಾಗಿ ಹನ್ನೆರಡೂವರೆಗೆ ಮುಗಿಯಿತು.

"ಎಷ್ಟು ಕಾಳು?"

"ಮಡಿಲು ತುಂಬ. ಎರಡು ಪಾಲು ಜೋಳ, ಒಂದು ಪಾಲು ಗೋಧಿ. ಹಿಡಿ ಅಕ್ರೋಟು, ಹಿಡಿ ಪ್ಲಮ್ಮು. ತೂಗಿ ತೋರಿಸ್ತೀನಿ, ಅದೇ ಚೀಲದ್ದು ಇಲ್ಲೇ ಇನ್ನೂ ಇದೆ."

"ಮೂರೂ ಗೂಡು ತೆಗೆದ್ರಾ?"

"ತೆಗೆದೆ. ಪಟ್ಟಿ ಸುತ್ತಿಟ್ಟು ನಡುವೆ ಕಾಳು ಸುರಿದು ಕರೆದೆ. ನಮ್ಮೂರಲ್ಲಿ ಕರೆಯೋ ಹಾಗೆ. ನಮ್ಮತ್ತೆ ಕರೀತಿದ್ದ ಹಾಗೆ."

"ಎಲ್ಲಾ ಬಂದ್ವಾ?"

ಅವಳು ಮೇಜಿನ ಮೇಲಿನ ನಡುಪಟ್ಟಿಯನ್ನು ಹತ್ತಿರ ಎಳೆದುಕೊಂಡಳು. ತಿಹೊಮಿರ್‌ನ ಪೆನ್ನು ಕಾಗದದ ಮೇಲೆ ನಿಂತಿತು.

"ಒಂದೂ ಬರಲಿಲ್ಲ," ಎಂದಳು. "ಕಾವು ಕೊಡೋ ಮಷೀನಲ್ಲಿ ಹುಟ್ಟಿದವು. ಆ ಕರೆ ಅವಕ್ಕೆ ಗೊತ್ತೇ ಇಲ್ಲ. ದಾರೀಲಿ ಹೋಗೋ ಯಾರೋ ಕೂಗಿದ ಹಾಗೆ ನನ್ನನ್ನ ನೋಡ್ತಾ ನಿಂತ್ವು. ಮತ್ತೆ ಕರೆದೆ, ಮತ್ತೆ ಕರೆದೆ. ಊರವರೆಲ್ಲ ಒಂದೊಂದು ಕಡೆ ಹೋದ್ರು. ನನ್ನ ತಂಗಿ ವಿಯೆನ್ನಾದಲ್ಲಿ. ಪಕ್ಕದ ಮನೆಯವರು ನೆಗೋತಿನ್‌ನಲ್ಲಿ. ಸತ್ತವರನ್ನೂ ಅಗೆದು ಪೇಟೆ ಸ್ಮಶಾನಕ್ಕೆ ತಂದ್ರು. ತಂದು ಸಿಕ್ಕಸಿಕ್ಕ ಹಾಗೆ ಸಾಲಾಗಿ ಇಟ್ರು. ನಮ್ಮತ್ತೆ ಪಕ್ಕ ಯಾರೋ ಗುರುತಿಲ್ಲದವರು ಮಲಗಿದಾರೆ. ಊರು ಅಂತ ಉಳಿದಿದ್ದು ಇವೊಂದೇ ಅಂದ್ಕೊಂಡಿದ್ದೆ. ಇವಕ್ಕೂ ನನ್ನ ಪರಿಚಯ ಇಲ್ಲ."

ಬೋಯಾನಾ ನೀರಿನ ಲೋಟ ಮುಂದೆ ದೂಡಿದಳು. "ಆಮೇಲೆ?" ಎಂದಳು.

"ಆಮೇಲೇನು. ಎತ್ಕೊಂಡು ತಂದೆ. ಒಂದೊಂದನ್ನೇ. ಬಿಳಿ ಗೂಡಿಂದ ಶುರು ಮಾಡಿ, ಹಳದಿ, ಕೆಂಪು. ಸುತ್ತಿನೊಳಗೆ ಇಟ್ಟು, ತಿನ್ನೋ ತನಕ ಬೆನ್ನ ಮೇಲೆ ಕೈ ಇಟ್ಟಿದ್ದೆ. ಒಂದು ತಿಂದಮೇಲೆ ಇನ್ನೊಂದು ತಿಂತು. ಯಾವುದೂ ಉಪವಾಸ ಉಳೀಲಿಲ್ಲ. ಎಲ್ಲವನ್ನೂ ನನ್ನ ಕೈಯಾರೆ ಮುಟ್ಟಿದೀನಿ. ಹೊರಡುವಾಗ ಕತ್ತಲೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಎರಡನ್ನ ತಪ್ಪು ಗೂಡಿಗೆ ಬಿಟ್ಟಿದ್ರೆ ಕಣ್ಣಿನ ತಪ್ಪು, ಕ್ಷಮಿಸಿ."

ಅವಳು ಓದಿ ನೋಡಿ, ಪ್ರತಿ ಹಾಳೆಗೂ ಸಹಿ ಮಾಡಿದಳು. ಚೆದೊಮಿರ್‌ನ ಹೆಸರಿದ್ದ ಸಾಲಿನ ಬಳಿ, "ಅವನನ್ನ ಒತ್ತಾಯ ಮಾಡಿದ್ದು ನಾನು ಅಂತ ಸೇರಿಸು," ಎಂದಳು. ಸೇರಿಸಲಾಯಿತು. ನಡುಪಟ್ಟಿಯನ್ನು ಜಪ್ತಿ ಮಾಡಿ ಲಕೋಟೆಗೆ ಹಾಕಲಾಯಿತು. ಒಂದು ಗಂಟೆಗೆ, ನಾಲ್ಕು ಮಹಡಿ ಇಳಿದ ಮೇಲೆ, ದಸ್ತಗಿರಿಯ ಸಮಯ ದಾಖಲಾಯಿತು. ಕೈಕೋಳ ಹಾಕಲಿಲ್ಲ. ಜೇನು ಅಕ್ರೋಟಿನ ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ಬರಲು ಮಾತ್ರ ಅವಳು ಸಮಯ ಕೇಳಿದ್ದಳು.

ಮರುದಿನ ಸರ್ಕಾರಿ ವಕೀಲರ ಮುಂದೆ ಹಾಜರುಪಡಿಸಿ ಬಿಡುಗಡೆ ಮಾಡಲಾಯಿತು. ಹೇಳಿಕೆಯ ದೃಢೀಕೃತ ಪ್ರತಿ ಒಲಿವೆರಾ ಅವರ ಕೈ ಸೇರಿತು. ಅದೇ ಚೀಲದ ಕಾಳನ್ನು ತೂಗಿ, ಪರೀಕ್ಷಿಸಿ, ಮೂರೂ ಗುಂಪಿನ ಲೆಕ್ಕಕ್ಕೆ ಸಮವಾಗಿ ಸೇರಿಸಿದರು. ಒಂಬತ್ತನೇ ತಾರೀಕಿಗೆ ಬಂದ ಸಮಿತಿ ಪೊಲೀಸ್ ಹೇಳಿಕೆಯೊಂದಿಗೆ ಬಂದ ಕೋಳಿ ವರದಿಯನ್ನು ಮೊದಲ ಸಲ ನೋಡಿತು. ಒಬ್ಬರು ನಕ್ಕರಂತೆ. ಎರಡು ವಾರದ ಕಾಲಾವಕಾಶ ಕೊಡಬೇಕೆಂದು ವಾದಿಸಿದವನು ಹಂದಿ ವಿಭಾಗದ ನೆಬೊಯ್ಶಾ.

ತಿಂಗಳ ಕೊನೆಗೆ ಒಡೆದ ಮೊಟ್ಟೆಗಳಲ್ಲಿ ಕೆಂಪು ಉಂಗುರದವುಗಳ ಹಳದಿ ಭಾಗ ಎಷ್ಟು ದಟ್ಟವಾಗಿತ್ತೆಂದರೆ, ಬಣ್ಣ ಅಳೆಯುವ ಬೀಸಣಿಗೆಯಂಥ ಪಟ್ಟಿಯ ಕೊನೆಯ, ಎಲ್ಲಕ್ಕಿಂತ ಕಡುಬಣ್ಣದ ಎಸಳನ್ನು ಪಕ್ಕದಲ್ಲಿ ಹಿಡಿಯಬೇಕಾಯಿತು. ಹಿಂಡು ಉಳಿಯಿತು. ಚೆದೊಮಿರ್‌ಗೆ ಎಚ್ಚರಿಕೆಯ ಪತ್ರ ಕೊಟ್ಟು, ಅವನನ್ನು ಹಂದಿಗಳ ಕಡೆಯ ಗೇಟಿಗೆ ಹಾಕಿದರು.

ಮಾರ್ಚ್‌ನಲ್ಲಿ ಕೋರ್ಟಿನ ತೀರ್ಪು ಬಂತು. ಮತ್ತೆ ತಪ್ಪು ಮಾಡಿದರೆ ಮಾತ್ರ ಜೈಲು ಎಂಬ ಷರತ್ತಿನ ಶಿಕ್ಷೆ; ಕೇಂದ್ರದ ಸುತ್ತ ಅರ್ಧ ಕಿಲೋಮೀಟರಿನೊಳಗೆ ಬರಬಾರದೆಂಬ ಆದೇಶ. ಆರೋಪಪಟ್ಟಿಯಲ್ಲಿ ಅಪರಾಧದ ಉದ್ದೇಶವನ್ನು ಇನ್‌ಸ್ಪೆಕ್ಟರ್ ವುಕೊತಿಚ್ ಒಂದೇ ಸಾಲಿನಲ್ಲಿ ಬರೆದಿದ್ದಳು: ಆರೋಪಿಗೆ ಲಾಭದ ಆಸೆಯಾಗಲಿ ಯಾರ ಮೇಲೂ ದ್ವೇಷವಾಗಲಿ ಇರಲಿಲ್ಲ, ತನ್ನ ಊರಿನದೆಂದು ಉಳಿದ ಕೊನೆಯ ಜೀವಗಳನ್ನು ಒಂದು ಕಡೆ ಸೇರಿಸಿ ನೋಡಲು ಬಯಸಿದಳು.

ಆದೇಶದ ಪ್ರತಿಯನ್ನು ಮುಟ್ಟಿಸಲು ಪೇದೆಯನ್ನು ಕಳಿಸಿದ್ದರೆ ಸಾಕಿತ್ತು. ಬೋಯಾನಾ ತಾನೇ ಹೋದಳು. ಹಿಮ ಕರಗಿ ಕಟ್ಟಡದ ಮೆಟ್ಟಿಲೆಲ್ಲ ಒದ್ದೆಯಾಗಿತ್ತು. ವಿದೊಸಾವಾ ಸಹಿ ಮಾಡಿ ಕಾಗದ ತೆಗೆದುಕೊಂಡಳು. ಕೇಂದ್ರದ ಬಗ್ಗೆ ಏನೂ ಕೇಳಲಿಲ್ಲ. ಬೋಯಾನಾಳೇ ಬಾಗಿಲ ಬಳಿ ನಿಂತು ಹೇಳಿದಳು:

"ಡಾಕ್ಟರು ಈ ಸಲ ಒಂದು ಕೋಳೀನ ಕಾವಿಗೆ ಕೂರಿಸಿದಾರೆ. ಮಷೀನಲ್ಲಲ್ಲ. ಮರಿಗಳು ತಾಯಿ ಹಿಂದೇನೇ ಓಡಾಡ್ತಿವೆ. ಕೆಲಸದ ಹೆಂಗಸರು ಹೇಗೆ ಕರೀಬೇಕು ಅಂತ ಕೇಳ್ತಿದಾರೆ."

ವಿದೊಸಾವಾ ಅವಳನ್ನು ದಿಟ್ಟಿಸಿ ನೋಡಿದಳು. ನಾಲ್ಕನೇ ಮಹಡಿಯ ಆ ಕತ್ತಲೆ ಮೆಟ್ಟಿಲ ಬಳಿ, ಮೊದಲು ನಾಚಿಕೆಯಿಂದ, ಆಮೇಲೆ ಗಂಟಲು ತೆರೆದು, ಯಾಸೆನೊವ್ ದೋದ ಕರೆಯನ್ನು ಕರೆದಳು. ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು ನೋಡಿದರು.

"ಇನ್ನೊಂದ್ ಸಲ," ಎಂದಳು ಇನ್‌ಸ್ಪೆಕ್ಟರ್. "ಕಲ್ತ್ಕೋತೀನಿ."